ಅಂಕಿ ಬದಲಾಯಿತು, ಗೆರೆ ಬದಲಾಗಲಿಲ್ಲ

ಕಂಪ್ಯೂಟರಿಗೆ ಗಂಧ ಹಚ್ಚಿ ಕೆಡಿಸಿದವಳು ಎಂಬ ಕೀರ್ತಿ ನಮ್ಮ ಪಂಪ್ ಕಾರ್ಖಾನೆಯಲ್ಲಿ ನನಗೊಬ್ಬಳಿಗೇ ಸೇರಬೇಕು. ಕೊಯಮತ್ತೂರಿನ ಆ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತಳಾದೆ. ಈಗಲೂ ಸಿಟಿ ಬಸ್ಸಿನಲ್ಲಿ ಸಿಕ್ಕ ಹಳೆಯ ಫಿಟ್ಟರುಗಳು ಮೊದಲು ಕೇಳುವುದು ನನ್ನ ಮಂಡಿನೋವನ್ನಲ್ಲ, ಗಂಧದ ಸಮಾಚಾರವನ್ನು. ಆದ್ದರಿಂದ ಅದನ್ನೇ ಮೊದಲು ಹೇಳಿ ಮುಗಿಸಿಬಿಡುತ್ತೇನೆ.

ಹೊಸ ಸಾಫ್ಟ್‌ವೇರಿನ ಜೊತೆ ಐದು ಹೊಸ ಕಂಪ್ಯೂಟರುಗಳು ಬಂದದ್ದು ಒಂದು ಶುಕ್ರವಾರ. ನಮ್ಮ ಕಡೆ ಲೇಥ್ ಬರಲಿ, ತೂಕದ ತಕ್ಕಡಿ ಬರಲಿ, ಪೂಜೆಯಾಗದೆ ಯಾರೂ ಸ್ವಿಚ್ಚು ಮುಟ್ಟುವುದಿಲ್ಲ. ಆಫೀಸಿನಲ್ಲಿ ಇದ್ದ ಒಬ್ಬಳೇ ಹೆಂಗಸು ನಾನು, ಹಾಗಾಗಿ ಪೂಜೆ ನನ್ನ ಪಾಲಿಗೆ. ನಾನೇನು ಕೈ ಬಿಗಿಹಿಡಿದು ಮಾಡುವವಳಲ್ಲ. ಪರದೆಯ ಮೂಲೆಗೆ ಗಂಧ, ನಡುವೆ ಕುಂಕುಮ. ಕೀಲಿಮಣೆಯ ಅಂಚಿಗೆ ಗಂಧ. ಮೌಸಿನ ಬೆನ್ನಿಗೆ ಹಚ್ಚಿದರೆ ಕೈಗೆಲ್ಲ ಅಂಟೀತು ಎಂದು ಬಹಳ ಬುದ್ಧಿ ಉಪಯೋಗಿಸಿ, ಅದನ್ನು ಅಂಗಾತ ಮಲಗಿಸಿ ಹೊಟ್ಟೆಗೆ ಹಚ್ಚಿದೆ. ಅಲ್ಲೊಂದು ಪುಟ್ಟ ಗುಳಿಯಿತ್ತು. ಬೊಟ್ಟಿಡಲೆಂದೇ ಮಾಡಿದಂತಿತ್ತು. ಐದು ಮೌಸುಗಳ ಗುಳಿಯನ್ನೂ ಭಕ್ತಿಯಿಂದ ತುಂಬಿದೆ.

ಸಕ್ಕರೆ ಪೊಂಗಲ್ ಹಂಚಿಯಾದ ಮೇಲೆ ನೋಡಿದರೆ ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಒಂದರದ್ದಲ್ಲ, ಐದರದ್ದೂ. ಜೋಡಿಸಿಕೊಡಲು ಬಂದಿದ್ದ ತಂತ್ರಜ್ಞರು ವೈರು ಕಿತ್ತು ಹಾಕಿದರು, ಬೆವರಿದರು, ಚೆನ್ನೈಗೆ ಫೋನ್ ಮಾಡಿದರು. ಅರ್ಧ ಗಂಟೆ ಕಳೆದ ಮೇಲೆ ಒಂದು ಮೌಸನ್ನು ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಮೂಸಿದರು. ಮೌಸು ಮೇಜನ್ನು ನೋಡುವ ಬೆಳಕಿನ ಕಣ್ಣು ಇದ್ದದ್ದೇ ಆ ಗುಳಿಯಲ್ಲಿ. ನಮ್ಮ ಮುದಲಾಳಿ, ಅಂದರೆ ಕಾರ್ಖಾನೆಯ ಮಾಲೀಕರು, ಗೋಡೆ ಹಿಡಿದುಕೊಂಡು ನಕ್ಕರು. ನಾನು ಸೆರಗಿನ ತುದಿಯಿಂದ ಐದೂ ಹೊಟ್ಟೆಗಳನ್ನು ಒರೆಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ನಿಂತಿದ್ದೆ.

ಇನ್ನು ನಾನು ಯಾರೆಂದು ಹೇಳಬೇಕು. ನನ್ನ ಹೆಸರು ರುಕ್ಮಣಿ. ನಮ್ಮದು ನೇಕಾರರ ಮನೆ. ಹಿರಿಯರು ಯಾವ ಕಾಲದಲ್ಲೋ ಈ ಸೀಮೆಗೆ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಓದಬಲ್ಲವರನ್ನು ಹುಡುಕಬೇಕು. ನನ್ನ ತಾಯಿ ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ಮಗ್ಗದ ಪಕ್ಕ ಕೂರಿಸಿಕೊಂಡು ಅಕ್ಷರ ತಿದ್ದಿಸಿದಳು, ಅದರಿಂದಲೇ ಇದನ್ನು ಬರೆಯಲು ಸಾಧ್ಯವಾಗಿದೆ. ಆಫೀಸಿನ ಮಾತೆಲ್ಲ ನಡೆಯುತ್ತಿದ್ದದ್ದು ತಮಿಳಿನಲ್ಲಿ. ಇಲ್ಲಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ.

ಡ್ರಾಯಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು, ನಾವು ಹೇಗೆ ಕೆಲಸ ಮಾಡುತ್ತಿದ್ದೆವೆಂದು ಕೇಳಿದರೆ ನಂಬುವುದಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ನಾನು ಟ್ರೇಸರ್ ಆಗಿ ಸೇರಿದೆ. ಪೆನ್ಸಿಲ್ ಚಿತ್ರದ ಮೇಲೆ ತೆಳು ಹಾಳೆ ಹಾಸಿ ಕಪ್ಪು ಶಾಯಿಯಲ್ಲಿ ಎಳೆಯುವುದು ನನ್ನ ಕೆಲಸ. ತಪ್ಪಾದರೆ ಬ್ಲೇಡಿನಿಂದ ಶಾಯಿಯನ್ನು ಕೆರೆದು ತೆಗೆಯಬೇಕು. ಒಂದೇ ಜಾಗದಲ್ಲಿ ಎರಡು ಸಲ ಕೆರೆದರೆ ಹಾಳೆ ತೂತು. ತೂತಾದರೆ ಒಂದು ವಾರದ ಕೆಲಸ ಮಣ್ಣುಪಾಲು. ಮೊದಲ ತಿಂಗಳಲ್ಲಿ ನಾನು ಮೂರು ತೂತು ಮಾಡಿದೆ.

ಆಗ ನನ್ನನ್ನು ಉಳಿಸಿದವರು ಆರುಮುಗಂ ಸಾರ್. ನನಗಿಂತ ಮೂರು ವರ್ಷ ದೊಡ್ಡವರು, ಆಗಲೇ ಒಳ್ಳೆಯ ಡ್ರಾಫ್ಟ್ಸ್‌ಮನ್, ಮುಂದೆ ನಮ್ಮ ಚೀಫ್ ಆದರು. ಅವರ ಗೆರೆ ನೋಡಬೇಕು ನೀವು. ಎಲ್ಲಿ ಶುರುವಾಗಿ ಎಲ್ಲಿ ಮುಗಿದರೂ ಒಂದೇ ದಪ್ಪ. ಅವರು ನನ್ನ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಅಮ್ಮಿಣಿ, ಅಳತೆ ಬದಲಾದರೆ ಗೆರೆಯನ್ನ ಮುಟ್ಟಬೇಡ. ಅಂಕಿ ಮಾತ್ರ ಕೆರೆದು ಹೊಸದು ಬರೆ. ಅದರ ಕೆಳಗೆ ಒಂದು ಅಡಿಗೆರೆ ಎಳೆ. ಸಾಕು." ಅಮ್ಮಿಣಿ ಎಂದರೆ ಈ ಕೊಂಗುನಾಡಿನಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು.

ಆ ಅಡಿಗೆರೆ ಅಚ್ಚು ಮಾಡುವ ಬಡಗಿಯಿಂದ ಹಿಡಿದು ಲೇಥಿನವರವರೆಗೆ ಎಲ್ಲರಿಗೂ ಗೊತ್ತಿದ್ದ ಕಾನೂನು. ಚಿತ್ರವನ್ನು ಅಳೆಯಬೇಡ, ಅಂಕಿಯನ್ನು ನಂಬು ಎಂದು ಅದರ ಅರ್ಥ. ಮಧ್ಯೆ ಒಂದು ಹಳೇ ಕಾಲದ ಸಾಫ್ಟ್‌ವೇರು ಬಂದು ಡ್ರಾಯಿಂಗ್ ಬೋರ್ಡುಗಳು ಹೋದವು. ಆದರೆ ಅದರಲ್ಲೂ ಚಿತ್ರ ಚಪ್ಪಟೆಯೇ, ಗಾಜಿನ ಹಿಂದೆ ಕಾಗದ ಇಟ್ಟ ಹಾಗೆ. ಅಲ್ಲೂ ನಾವು ಅಂಕಿಯ ಮೇಲೆ ಎರಡು ಸಲ ಒತ್ತಿ, ಹೊಸ ಅಂಕಿ ಬರೆದು, ಅಡಿಗೆರೆ ಎಳೆದು ಹಾಯಾಗಿದ್ದೆವು. ಮೂವತ್ತು ವರ್ಷದಲ್ಲಿ ಆ ಅಡಿಗೆರೆ ನನ್ನ ಬೆರಳಿಗೆ ಹತ್ತಿದ ರೋಗವಾಗಿಬಿಟ್ಟಿತ್ತು.

ಹೊಸ ಸಾಫ್ಟ್‌ವೇರಿನ ದಾರಿಯೇ ಬೇರೆ. ಅದರಲ್ಲಿ ಮೊದಲು ಸ್ಕೆಚ್ ಎಂಬ ಬರಿಯ ಹೊರಗೆರೆ ಬರೆಯಬೇಕು. ಅದಕ್ಕೆ ದಪ್ಪ ಕೊಟ್ಟರೆ ಎದ್ದು ನಿಲ್ಲುತ್ತದೆ, ಸುತ್ತಿಸಿದರೆ ದುಂಡಗಾಗುತ್ತದೆ. ಹೀಗೆ ಹತ್ತಾರು ಸ್ಕೆಚ್ಚುಗಳು ಸೇರಿ ಒಂದು ಪಂಪಿನ ಕವಚವಾಗುತ್ತದೆ. ಆ ಇಡೀ ಆಕಾರಕ್ಕೆ ಮಾಡೆಲ್ ಎಂದು ಹೆಸರು. ಕಾಗದದ ಡ್ರಾಯಿಂಗು ಆ ಮಾಡೆಲ್‌ನಿಂದ ತಾನಾಗಿ ಹುಟ್ಟುತ್ತದೆ. ಅಚ್ಚು ಕೊರೆಯುವ ಯಂತ್ರ, ತೂತು ಹಾಕುವ ಯಂತ್ರ ಎರಡೂ ಕಾಗದ ನೋಡುವುದಿಲ್ಲ, ನೇರವಾಗಿ ಮಾಡೆಲ್ ಓದುತ್ತವೆ. ಇಷ್ಟೆಲ್ಲ ಈಗ ಸರಾಗವಾಗಿ ಹೇಳುತ್ತಿದ್ದೇನೆ. ಆಗ ಇದರಲ್ಲಿ ಒಂದಕ್ಷರವೂ ತಲೆಗೆ ಹೋಗಿರಲಿಲ್ಲ.

ಕಲಿಸಲು ಇದ್ದವಳು ಚೈತ್ರಾ. ದಾವಣಗೆರೆಯ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಕಂಪ್ಯೂಟರುಗಳು ಬಂದ ಮರುವಾರ ನಮ್ಮಲ್ಲಿ ಸೇರಿದವಳು. ಅವಳಿಗೆ ತಮಿಳು ಬಾರದು, ನಮ್ಮವರಿಗೆ ಅವಳ ಇಂಗ್ಲಿಷ್ ಹಿಡಿಯದು. ಅವಳು ಪಾಠ ಮಾಡುವಾಗ ನಾವೆಲ್ಲ ಒಂದೇ ತಾಳದಲ್ಲಿ ತಲೆಯಾಡಿಸುತ್ತಿದ್ದೆವು. ಆರುಮುಗಂ ಸಾರ್ ಎಲ್ಲರಿಗಿಂತ ಹೆಚ್ಚು ಆಡಿಸುತ್ತಿದ್ದರು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವರೇ ಹೊರತು ಮೌಸ್ ಮುಟ್ಟುತ್ತಿರಲಿಲ್ಲ. ಚೀಫ್ ಅಲ್ಲವೇ, ಮುಟ್ಟಬೇಕಾಗಿಲ್ಲ ಎಂದು ನಾನು ತಿಳಿದಿದ್ದೆ.

ಹೀಗಿರುವಾಗ ಮದುಕ್ಕರೈ ಕಡೆಯ ಒಂದು ತೆಂಗಿನ ತೋಟಕ್ಕೆ ಪಂಪ್ ಹೋಗಬೇಕಾಯಿತು. ಅವರ ಪೈಪಿನ ತಟ್ಟೆಗೆ ಹೊಂದುವಂತೆ ನಮ್ಮ ಪಂಪಿನ ಬಾಯಿಯ ಸುತ್ತ ಇರುವ ಎಂಟು ಬೋಲ್ಟ್ ತೂತುಗಳ ವೃತ್ತವನ್ನು ನೂರ ನಲವತ್ತೈದರಿಂದ ನೂರ ಅರವತ್ತು ಮಿಲಿಮೀಟರಿಗೆ ಹಿಗ್ಗಿಸಬೇಕಿತ್ತು. ಕೆಲಸ ನನಗೆ ಬಂತು. ಇದೇನು ಮಹಾ ಎಂದುಕೊಂಡೆ. ಡ್ರಾಯಿಂಗ್ ತೆರೆದೆ, ಅಂಕಿಯ ಮೇಲೆ ಎರಡು ಸಲ ಒತ್ತಿದೆ, 160 ಎಂದು ಬರೆದೆ, ಅಡಿಗೆರೆ ಎಳೆದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಹೊಸ ಸಾಫ್ಟ್‌ವೇರು ಎಷ್ಟು ಸುಲಭ ಎಂದು ಮನೆಗೆ ಹೋಗಿ ಗಂಡನ ಮುಂದೆ ಜಂಬ ಕೊಚ್ಚಿದೆ.

ಅಂಕಿ ಬದಲಾಯಿತು, ಗೆರೆ ಬದಲಾಗಲಿಲ್ಲ. ಮಾಡೆಲ್ ಒಳಗೆ ಆ ವೃತ್ತ ಹಳೇ ಅಳತೆಯಲ್ಲೇ ಕಾಲು ಚಾಚಿ ಮಲಗಿತ್ತು. ಯಂತ್ರ ಅದನ್ನೇ ಓದಿ ಎಂಟು ತೂತು ಹಾಕಿತು.

ತೋಟದಿಂದ ಫೋನ್ ಬಂತು. ಮುದಲಾಳಿ ಆರುಮುಗಂ ಸಾರನ್ನೂ ನನ್ನನ್ನೂ ವ್ಯಾನಿನಲ್ಲಿ ಹತ್ತಿಸಿಕೊಂಡು ಹೊರಟರು. ಹೋಗಿ ನೋಡಿದರೆ ಬಾವಿಯ ಪಕ್ಕ ಪಂಪ್ ಕೂತಿದೆ, ಪೈಪು ಬಂದು ಅದರ ಬಾಯಿಗೆ ಬಾಯಿಟ್ಟಿದೆ, ಎರಡರ ತೂತುಗಳೂ ಒಂದನ್ನೊಂದು ನೋಡುತ್ತಿಲ್ಲ. ಎಂಟು ಬೋಲ್ಟುಗಳನ್ನು ಕೈಯಲ್ಲಿ ಹಿಡಿದು ಇಬ್ಬರು ಫಿಟ್ಟರುಗಳು ಸುಮ್ಮನೆ ನಿಂತಿದ್ದರು. ಊಟದೆಲೆ ಎತ್ತಿದ ಮೇಲೆ ಬಂದ ನೆಂಟರಂತೆ ನಾವು ಮೂವರು ಇಳಿದೆವು.

ತೋಟದ ಯಜಮಾನರು ಒಳ್ಳೆಯ ಮನುಷ್ಯ, ನಮಗೆಲ್ಲ ಎಳನೀರು ಕೆತ್ತಿಸಿದರು. ಆಮೇಲೆ ಇಲ್ಲಿಯವರ ಮರ್ಯಾದೆಯ 'ಉಂಗ' ಸೇರಿಸಿ ಹೇಳಿದರು: "ಏನುಂಗ, ಜಾತಕ ನೋಡದೆ ಸಂಬಂಧ ಮಾಡಿಬಿಟ್ರಿ. ಗಂಡಿಗೂ ಹೆಣ್ಣಿಗೂ ಎಂಟರಲ್ಲಿ ಒಂದೂ ಕೂಡಿ ಬರ್ತಾ ಇಲ್ಲವಲ್ಲ!"

ಫಿಟ್ಟರುಗಳು ನಕ್ಕರು. ಮುದಲಾಳಿ ನಗಲಿಲ್ಲ. ನನ್ನ ಡ್ರಾಯಿಂಗಿನ ಕಾಗದವನ್ನು ಪಂಪಿನ ಮೇಲೆ ಹರಡಿ, ಅಡಿಗೆರೆಯ ಮೇಲೆ ಬೆರಳಿಟ್ಟು ಕೇಳಿದರು: "ಇದು ಯಾರು ಹೇಳಿಕೊಟ್ಟದ್ದು?" ಆರುಮುಗಂ ಸಾರ್ ಕಡೆ ನೋಡಿದೆ. ಅವರು ಬಾವಿಯೊಳಗೆ ನೋಡುತ್ತಿದ್ದರು. ಅವರ ಮುಖ ನನ್ನದಕ್ಕಿಂತ ಬಾಡಿತ್ತು. ತಿರುಗಿ ನನಗೇ ಗದರಿದರು: "ಇಷ್ಟು ವರ್ಷ ಸರ್ವೀಸ್ ಆದ ಮೇಲೂ ಸ್ಕೆಚ್ ತೆರೆದು ತಿದ್ದಬೇಕು ಅಂತ ಗೊತ್ತಾಗಲಿಲ್ವಾ ಅಮ್ಮಿಣಿ?" ನನಗೆ ಬಂದ ಸಿಟ್ಟು ಹೇಳತೀರದು. ಆ ಸಿಟ್ಟಿನಲ್ಲಿ ಎಳನೀರಿನ ಬುರುಡೆ ಬಾವಿಗೆ ಬೀಳಿಸಿದೆ, ಅದಕ್ಕೂ ಬೈಸಿಕೊಂಡೆ.

ವಾಪಸ್ ಬರುವ ದಾರಿಯಲ್ಲಿ ಮುದಲಾಳಿ ತೀರ್ಪು ಕೊಟ್ಟರು. "ಆಯುಧ ಪೂಜೆವರೆಗೆ ಟೈಮ್ ಕೊಡ್ತೀನಮ್ಮಾ. ಅಷ್ಟರಲ್ಲಿ ನನ್ನ ಕಣ್ಣೆದುರು ಒಂದು ಸ್ಕೆಚ್ ತೆರೆದು ಸರಿಯಾಗಿ ತಿದ್ದಿ ತೋರಿಸಿ. ಆಗಲಿಲ್ಲ ಅಂದರೆ ಮಿಕ್ಕ ಸರ್ವೀಸ್ ಸ್ಟೋರ್ಸ್‌ನಲ್ಲಿ ಕಳೀರಿ. ಸಂಬಳದಲ್ಲೇನೂ ವ್ಯತ್ಯಾಸ ಇಲ್ಲ."

ಸ್ಟೋರ್ಸ್ ಕೆಟ್ಟ ಜಾಗವಲ್ಲ. ಫ್ಯಾನ್ ಇದೆ, ಕುರ್ಚಿ ಇದೆ, ನಟ್ಟು ಬೋಲ್ಟು ಎಣಿಸಿ ಕೊಟ್ಟು ಐದು ಗಂಟೆಗೆ ಮನೆಗೆ ಹೋಗಬಹುದು. ಆದರೆ ನನಗೆ ಇನ್ನೂ ಐದು ವರ್ಷ ಸರ್ವೀಸಿತ್ತು, ಮತ್ತು ನನಗೆ ಗೆರೆ ಎಳೆಯುವುದು ಬಿಟ್ಟರೆ ಬೇರೆ ಯಾವುದರಲ್ಲೂ ಖುಷಿಯಿರಲಿಲ್ಲ. ನಮ್ಮ ಬಳಗದಲ್ಲಿ ಮಗ್ಗ ಬಿಟ್ಟು ಮೇಜಿನ ಮುಂದೆ ಕೂತ ಮೊದಲ ಹೆಂಗಸು ನಾನು. ಆ ಮೇಜು ಹೋದರೆ ನಾನು ಯಾರು? ವ್ಯಾನಿನ ಹಿಂದಿನ ಸೀಟಿನಲ್ಲಿ ಮುಖ ಕಿಟಕಿಗೆ ತಿರುಗಿಸಿ ಅತ್ತೆ.

ಮಾರನೇ ದಿನದಿಂದ ಸ್ಕೆಚ್ಚುಗಳ ಜೊತೆ ನನ್ನ ಕುಸ್ತಿ ಶುರುವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಒಂದು ಗೆರೆಯನ್ನು ಹಿಡಿದು ಎಳೆದರೆ ಎದುರಿನ ಗೆರೆ ಓಡುತ್ತದೆ. ದುಂಡು ತೂತು ಹಾರಿ ಮೂಲೆ ಸೇರುತ್ತದೆ. ಒಂದು ಸಲ ಇಡೀ ಪಂಪಿನ ಕವಚ ಒಳಗಿನಿಂದ ಹೊರಗೆ ತಿರುಗಿ ಹಲಸಿನ ಹಣ್ಣಿನಂತೆ ನಿಂತಿತು. ಎಲ್ಲೆಲ್ಲೂ ಕೆಂಪು ಗುರುತು. ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದು ಮನೆಯ ಭಾಷೆ.

"ಅಯ್ಯೋ ನಿನ್ ಮನೆ ಆಳಾಗೋಗ! ನಾ ಇಲ್ಲಿ ಇಡುದ್ರೆ ನೀ ಅಲ್ಲಿ ಓಡೋಯ್ತೀಯಲ್ಲ, ನಿಂಗೇನ್ ಪೇಯ್ ಇಡ್ಕಂಡದಾ?" ಎಂದು ಪರದೆಗೆ ಬೈದೆ. ನಮ್ಮಲ್ಲಿ ಪೇಯ್ ಎಂದರೆ ದೆವ್ವ.

ಹಿಂದಿನ ಮೇಜಿನಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಚೈತ್ರಾ ಎದ್ದು ನಿಂತಿದ್ದಾಳೆ, ಕಣ್ಣು ಅರಳಿದೆ.

"ಆಂಟೀ, ನೀವು ಕನ್ನಡದೋರಾ?"

"ಊಂ. ಯಾಕಮ್ಮಾ?"

"ಅಯ್ಯೋ ದೇವರೇ! ಇಷ್ಟು ತಿಂಗಳಿಂದ ನಾನಿಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತೀನಿ. ಮನೆಗೆ ಫೋನ್ ಮಾಡಿದಾಗ ಮಾತ್ರ ಕನ್ನಡ. ನೀವು ಪಕ್ಕದಲ್ಲೇ ಇದ್ದು ಒಂದು ಮಾತೂ ಆಡಲಿಲ್ಲವಲ್ಲ!"

"ಆಪೀಸ್ನಾಗೆ ಯಾರ್ ಕನ್ನಡ ಮಾತಾಡ್ತಾರೆ? ನಂದು ವೂಟು ಕನ್ನಡ, ಅಂದ್ರೆ ಮನೆ ಕನ್ನಡ, ಅಲ್ಲಿ ಮಾತ್ರ. ನಿಂದು ಬುಕ್ಕು ಕನ್ನಡ."

"ಬೈಯೋದು ಮಾತ್ರ ಒಂದೇ ಥರ ಐತಲ್ಲ ಆಂಟೀ," ಎಂದಳು ಹುಡುಗಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದವರೆಲ್ಲ ನನಗೆ ಸ್ಟೋರ್ಸ್ ಭಯಕ್ಕೆ ತಲೆ ಕೆಟ್ಟಿತೆಂದುಕೊಂಡರು.

ಅಲ್ಲೇ ಒಪ್ಪಂದವಾಯಿತು. ಊಟದ ಅರ್ಧ ಗಂಟೆಯಲ್ಲಿ ಅವಳು ನನಗೆ ಸ್ಕೆಚ್ ತಿದ್ದುವುದನ್ನು ಕಲಿಸಬೇಕು, ನಾನು ಅವಳಿಗೆ ಮನೆ ಒಡತಿಯ ಜೊತೆ ನೀರಿಗಾಗಿ ಜಗಳವಾಡುವಷ್ಟು ತಮಿಳು ಕಲಿಸಬೇಕು. ನಾನೊಂದು ಷರತ್ತು ಹಾಕಿದೆ: "ಆಂಟಿ ಅಂದ್ರೆ ನಂಗೆ ಪಾಠ ಏರಲ್ಲ. ಅಕ್ಕ ಅನ್ನು." ಅವಳು ಆ ಕ್ಷಣದಿಂದ ಅಕ್ಕ ಎಂದಳು. ನನ್ನ ಡಬ್ಬಿಯ ಅಕ್ಕಿಬೇಳೆ ಅನ್ನದಲ್ಲಿ ಅರ್ಧ ಅವಳಿಗೆ, ಅವಳ ಮೆಂತ್ಯದ ಚಪಾತಿಯಲ್ಲಿ ಅರ್ಧ ನನಗೆ.

ಅವಳು ಕಲಿಸಿದ ಮೊದಲ ಪಾಠ ನನಗೆ ಈಗಲೂ ಬಾಯಿಪಾಠ. "ಅಕ್ಕಾ, ಇಲ್ಲಿ ಯಾವ ಗೆರೇನೂ ಒಂಟಿ ಅಲ್ಲ. ಪ್ರತಿ ಗೆರೆಗೂ ನೆಂಟರಿದಾರೆ. ಈ ಗೆರೆ ಆ ಗೆರೆಗೆ ಸಮ ಇರಬೇಕು, ಈ ವೃತ್ತ ಆ ವೃತ್ತದ ನಡುವೇ ಇರಬೇಕು, ಅಂತೆಲ್ಲ ಕಟ್ಟುಪಾಡು. ಗೆರೆ ನೀಲಿ ಇದ್ರೆ ಅದಕ್ಕೆ ಕಟ್ಟು ಸಾಲದು, ಅಲೀತದೆ. ಕಪ್ಪಾದ್ರೆ ಎಲ್ಲ ಸರಿಯಾಗಿ ಕಟ್ಟಿದೆ ಅಂತ. ಕೆಂಪಾದ್ರೆ ಕಟ್ಟು ಜಾಸ್ತಿಯಾಗಿ ಜಗಳ ಬಿದ್ದಿದೆ ಅಂತ."

ಅಷ್ಟು ಹೇಳಿದ್ದೇ ತಡ, ನನಗೆ ತಲೆಯೊಳಗೆ ದೀಪ ಹತ್ತಿತು. ಇದು ನಮ್ಮ ಮದುವೆ ಮನೆಯೇ! ಸೋದರಮಾವನ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ ನೋಡಿ, ಅತ್ತೆ ಎದ್ದು ಹೋಗುತ್ತಾಳೆ, ಅವಳ ಹಿಂದೆ ಇಬ್ಬರು ಮಕ್ಕಳು, ಅವರ ಹಿಂದೆ ಅರ್ಧ ಪಂಗಡ. ಮಾವನನ್ನು ಸರಿಸಬೇಕಾದರೆ ಮೊದಲು ಯಾರು ಯಾರಿಗೆ ಏನಾಗಬೇಕೆಂದು ತಿಳಿದಿರಬೇಕು. ನಾನು ನಲವತ್ತು ಮದುವೆ ಓಡಾಡಿದವಳು. ಇದು ನನಗೆ ಬಾರದೆ ಯಾರಿಗೆ ಬಂದೀತು?

ಅವತ್ತಿನಿಂದ ನಾನು ಸ್ಕೆಚ್ ತೆರೆದ ಕೂಡಲೇ ಗೆರೆ ಎಳೆಯುವುದನ್ನು ಬಿಟ್ಟೆ. ಮೊದಲು ನೆಂಟಸ್ತಿಕೆ ವಿಚಾರಿಸುತ್ತಿದ್ದೆ. ಇವನು ಯಾರ ಮಗ, ಇವಳನ್ನು ಎಲ್ಲಿಗೆ ಕೊಟ್ಟಿದೆ. ಬೇಡದ ಕಟ್ಟು ಬಿಚ್ಚಿ, ಬೇಕಾದ ಅಂಕಿ ಕೊಟ್ಟು, ಮತ್ತೆ ಕಟ್ಟಿದರೆ ಗೆರೆಗಳು ಒಂದೊಂದಾಗಿ ಕಪ್ಪಾಗಿ ತೆಪ್ಪಗೆ ಕೂರುತ್ತಿದ್ದವು. ಮೊದಲ ಬಾರಿ ಒಂದು ಸ್ಕೆಚ್ ಪೂರ್ತಿ ಕಪ್ಪಾದ ದಿನ ಆಕಾಶಕ್ಕೆ ಮೂರೇ ಗೇಣು ನನಗೆ. ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ, ಎರಡನೇ ಸುತ್ತಿಗೆ ಸೆರಗು ಚಕ್ರಕ್ಕೆ ಸಿಕ್ಕಿಕೊಂಡಿತು. ಚೈತ್ರಾ ಮೇಜಿನ ಕೆಳಗೆ ಕೂತು ಸೆರಗು ಬಿಡಿಸುತ್ತಿದ್ದರೆ ನಾನು ಮೇಲಿಂದ ಅವಳಿಗೆ, "ನೋಡೇ, ಇನ್ನೂ ಕಪ್ಪಗೇ ಅದೆ, ಓಡೋಗಿಲ್ಲ!" ಎಂದು ಕೂಗುತ್ತಿದ್ದೆ.

ಮನೆಯಲ್ಲೂ ಹುಚ್ಚು ಹಿಡಿಯಿತು. ದೋಸೆ ಹುಯ್ಯುವಾಗ ಅದರ ನಡುಬಿಂದು ಹಂಚಿನ ನಡುಬಿಂದುವಿಗೆ ಕೂಡಿದೆಯೇ ಎಂದು ನೋಡುತ್ತಿದ್ದೆ. ನನ್ನ ಗಂಡ ನೂಲಿನ ವ್ಯಾಪಾರದವರು, ಮಾತು ಕಡಿಮೆ. ಅವರೂ ಒಂದು ದಿನ, "ರುಕ್ಕು, ನಂಗೂ ಏನಾರ ಕಟ್ಟು ಆಕುಬುಟ್ಟಿದ್ದೀಯಾ? ಬೆಳಗಿಂದ ಇಲ್ಲೇ ಕೂತಿವ್ನಿ," ಎಂದರು. ನಾನು ನಕ್ಕ ರಭಸಕ್ಕೆ ದೋಸೆ ಹರಿದುಹೋಯಿತು.

ಚೈತ್ರಾ ಇನ್ನೊಂದು ಅಭ್ಯಾಸ ಮಾಡಿಸಿದಳು. ಯಾವುದೇ ಸ್ಕೆಚ್ ತಿದ್ದುವ ಮುಂಚೆ ಅದರ ಒಂದೊಂದು ಅಂಕಿಯನ್ನೂ ಕಾಗದದ ಡ್ರಾಯಿಂಗಿನ ಜೊತೆ ಹೋಲಿಸಿ ನೋಡಬೇಕು. ಕೆಲಸಕ್ಕೆ ಸೇರುವವರು ಇದೊಂದನ್ನಾದರೂ ನನ್ನಿಂದ ಇಟ್ಟುಕೊಳ್ಳಿ. ಬೇಜಾರಿನ ಕೆಲಸವೇ, ಆದರೆ ಮಾಡಿ.

ಆಯುಧ ಪೂಜೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಯಾರೂ ಯಂತ್ರ ಓಡಿಸುವುದಿಲ್ಲ. ತೊಳೆಯುವುದು, ಒರೆಸುವುದು, ಬಾಳೆಕಂದು ಕಟ್ಟುವುದು. ಆ ಗದ್ದಲದ ನಡುವೆ ಮುದಲಾಳಿ ಕನ್ನಡಕ ಹಾಕಿಕೊಂಡು ನನ್ನ ಮೇಜಿಗೆ ಬಂದರು. ಪಕ್ಕದಲ್ಲಿ ಆರುಮುಗಂ ಸಾರ್, ಕೈ ಬೆನ್ನ ಹಿಂದೆ. ಚೈತ್ರಾಳನ್ನು, "ನೀನು ಹೋಗಿ ಹೂ ಕಟ್ಟಮ್ಮಾ," ಎಂದು ಹೊರಗೆ ಕಳಿಸಿದರು. ಅವಳು ಬಾಗಿಲಲ್ಲಿ ನಿಂತು ಎರಡೂ ಕೈ ಮುಗಿದಳು. ದೇವರಿಗೋ ನನಗೋ ತಿಳಿಯಲಿಲ್ಲ.

ಕೊಟ್ಟ ಕೆಲಸ ನ್ಯಾಯವಾದದ್ದೇ. ಪಲ್ಲಡಂ ಕಡೆಯ ಒಬ್ಬ ಗಿರಾಕಿಗೆ, ನಮ್ಮ ದೊಡ್ಡ ಪಂಪೊಂದರ ನೀರು ಎಳೆದುಕೊಳ್ಳುವ ಬಾಯಿಯನ್ನು ಎಂಬತ್ತರಿಂದ ನೂರು ಮಿಲಿಮೀಟರಿಗೆ ಅಗಲ ಮಾಡಬೇಕು. ಸ್ಕೆಚ್ ತೆರೆದೆ. ಒಳ್ಳೆಯ ಮನೆತನ, ಎಲ್ಲ ಕಪ್ಪು. ಕಾಗದವನ್ನು ಪಕ್ಕದಲ್ಲಿ ಹರಡಿ ಅಂಕಿಗಳನ್ನು ಹೋಲಿಸುತ್ತ ಬಂದೆ. ಎಲ್ಲ ಸರಿ, ಎಲ್ಲ ಸರಿ. ಪಂಪಿನ ಪಾದದಿಂದ ಅದರ ಶಾಫ್ಟಿನ, ಅಂದರೆ ತಿರುಗುವ ದಂಡದ, ನಡುವಿಗೆ ಇರುವ ಎತ್ತರಕ್ಕೆ ಬಂದಾಗ ನಿಂತೆ. ಕಾಗದದಲ್ಲಿ 132. ಸ್ಕೆಚ್ಚಿನಲ್ಲಿ 130. ಕಾಗದದ 132ರ ಕೆಳಗೆ ನೀಟಾದ ಒಂದು ಅಡಿಗೆರೆ.

ಇದು ನನ್ನದೇ ರೋಗ, ಆದರೆ ಈ ಪಂಪ್ ನನ್ನ ಕೈಗೆ ಎಂದೂ ಬಂದಿರಲಿಲ್ಲ.

ಬಿಡಿಭಾಗ ಜೋಡಿಸುವ ಅಸೆಂಬ್ಲಿಯಲ್ಲಿ ಆರು ತಿಂಗಳಿಂದ ಈ ಪಂಪಿನದೇ ಗೋಳು. ಮೋಟಾರಿನ ಶಾಫ್ಟಿಗೂ ಪಂಪಿನ ಶಾಫ್ಟಿಗೂ ಸಮ ಬರುವುದಿಲ್ಲವೆಂದು ಪ್ರತಿ ಪಂಪಿನ ಪಾದದ ಕೆಳಗೂ ಎರಡು ಮಿಲಿಮೀಟರ್ ತಗಡು ಇಡುತ್ತಿದ್ದರು. ಎರಕದವರು ಸರಿಯಿಲ್ಲವೆಂದು ಎಲ್ಲರೂ ಬೈಯುತ್ತಿದ್ದರು. ಸದ್ದಿಲ್ಲದೆ ನಾನು ಇಲ್ಲಿ 132 ಮಾಡಿಬಿಟ್ಟರೆ? ಅಸೆಂಬ್ಲಿಯವರು ಅಭ್ಯಾಸಬಲದಿಂದ ಮತ್ತೆ ತಗಡು ಇಟ್ಟು ಆ ಕಡೆ ಎರಡು ಮಿಲಿಮೀಟರ್ ಕೆಡಿಸುತ್ತಾರೆ. ಮುಟ್ಟದೆ ಬಿಟ್ಟರೆ ನನ್ನ ಪರೀಕ್ಷೆ ಪಾಸು, ಪಂಪ್ ಫೇಲು. ಬಾಯಿ ಬಿಡದೆ ದಾರಿಯಿರಲಿಲ್ಲ.

"ಮುದಲಾಳಿ, ಇಲ್ಲೊಂದು ಹಳೇ ತಪ್ಪಿದೆ," ಎಂದು ಬೆರಳಿಟ್ಟು ತೋರಿಸಿದೆ.

ಅವರು ಬಾಗಿ ನೋಡಿದರು. ಅಡಿಗೆರೆ ಕಂಡಿತು. ಮುಖ ಬಿಗಿಯಿತು. "ಇದೂ ನಿಮ್ಮ ಕೆಲಸಾನೇ ಅಲ್ಲವೇನಮ್ಮಾ? ಇದೇ ಗೆರೆ ಅಲ್ಲವೇ ಮದುಕ್ಕರೈಯಲ್ಲಿ ನನ್ನ ಮಾನ ತೆಗೆದದ್ದು?"

ನನ್ನದಲ್ಲ ಎಂಬ ಮಾತು ಹಲ್ಲಿನವರೆಗೆ ಬಂತು. ಹಾಗೆಂದರೆ ಮುಂದಿನ ಪ್ರಶ್ನೆ, ಮತ್ತೆ ಯಾರದ್ದು? ಅದು ಯಾರದೆಂದು ನನಗೆ ಆಗಲೇ ಗೊತ್ತಾಗಿತ್ತು. ನಮ್ಮ ಆಫೀಸಿನಲ್ಲಿ ಆ ರೋಗ ಇದ್ದವರು ಇಬ್ಬರೇ, ಅಂಟಿಸಿದವರು ಒಬ್ಬರು, ಅಂಟಿಸಿಕೊಂಡವಳು ನಾನು. ಬಾವಿಯ ಹತ್ತಿರ ಅವರು ನನ್ನನ್ನು ಗದರಿದ್ದು ನೆನಪಾಗಿ ಸಿಟ್ಟು ಬಂತು. ನನ್ನ ತೂತು ಬಿದ್ದ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದ್ದೂ ನೆನಪಾಯಿತು. ಬಾಯಿ ಮುಚ್ಚಿಕೊಂಡೆ. ಹೋದರೆ ಹೋಗಲಿ ಸ್ಟೋರ್ಸಿಗೆ ಎಂದುಕೊಂಡೆ.

"ಅದು ಅಮ್ಮಿಣಿ ಮಾಡಿದ್ದಲ್ಲ. ನಾನು ಮಾಡಿದ್ದು," ಎಂದರು ಆರುಮುಗಂ ಸಾರ್.

ಮುದಲಾಳಿ ಕನ್ನಡಕ ತೆಗೆದರು.

"ಒಂದು ಭಾನುವಾರ ಯಾರೂ ಇಲ್ಲದಾಗ ಬಂದು ಮಾಡಿದೆ. ಈ ಸಾಫ್ಟ್‌ವೇರಲ್ಲಿ ನನಗೆ ಬರೋದು ಅದೊಂದೇ, ಅಂಕಿ ಒತ್ತಿ ಅಂಕಿ ಬರೆಯೋದು. ಮದುಕ್ಕರೈಯಲ್ಲಿ ಅಮ್ಮಿಣಿ ತಪ್ಪು ಸಿಕ್ಕಿಬಿದ್ದಾಗಲೇ ನನ್ನದೂ ಗೊತ್ತಾಯಿತು. ತಿದ್ದೋಕೆ ಬರಲಿಲ್ಲ. ಯಾರನ್ನಾದರೂ ಕೇಳೋಣ ಅಂದರೆ ನಾಚಿಕೆ. ಸ್ಟೋರ್ಸಿಗೆ ಯಾರಾದರೂ ಹೋಗಬೇಕಾದರೆ ಅದು ನಾನು."

ಮುದಲಾಳಿ ಕಾಗದ ನೋಡಿದರು, ಪರದೆ ನೋಡಿದರು, ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಅವರಿಗೆ ನಗು ಬಂದುಬಿಟ್ಟಿತು. "ಆರು ತಿಂಗಳಿಂದ ಎರಕದವರನ್ನ ಬೈದೂ ಬೈದೂ ನನ್ನ ಗಂಟಲು ಹರಿದುಹೋಯಿತಲ್ಲಯ್ಯಾ! ಸ್ಟೋರ್ಸಲ್ಲಿ ಇರೋದು ಒಂದೇ ಕುರ್ಚಿ, ಅದರಲ್ಲಿ ಆಗಲೇ ಒಬ್ಬರು ಕೂತಿದಾರೆ. ಇಬ್ಬರೂ ಇಲ್ಲೇ ಇರಿ." ನನ್ನ ಕಡೆ ತಿರುಗಿ, "ಅಮ್ಮಾ, ಮೊದಲು ಆ ಎರಡನ್ನೂ ತಿದ್ದಿ. ಆಮೇಲೆ ಇವರಿಗೂ ಕಲಿಸಿ," ಎಂದರು.

ನಾನು 130ನ್ನು 132 ಮಾಡಿದೆ, ಎಂಬತ್ತನ್ನು ನೂರು ಮಾಡಿದೆ. ಪಂಪ್ ಒಂದು ಕ್ಷಣ ಮಾಯವಾಗಿ, ಮೈ ಕೊಡವಿಕೊಂಡು ಎದ್ದು ನಿಂತಿತು. ಒಂದು ಕೆಂಪು ಗುರುತೂ ಇರಲಿಲ್ಲ. ಬಾಗಿಲಲ್ಲಿ ಚೈತ್ರಾ ಶಿಳ್ಳೆ ಹೊಡೆದಳು. ಹೆಣ್ಣುಮಗಳು ಅಷ್ಟು ಜೋರಾಗಿ ಶಿಳ್ಳೆ ಹೊಡೆದದ್ದನ್ನು ನಮ್ಮ ಕಾರ್ಖಾನೆ ಅದುವರೆಗೆ ಕೇಳಿರಲಿಲ್ಲ.

ಪೂಜೆ ಕಳೆದು ವಿಜಯದಶಮಿ. ಅಂದು ಎಳೆಯ ಮಕ್ಕಳ ಕೈ ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುತ್ತಾರೆ. ಕಾರ್ಖಾನೆ ಶಾಸ್ತ್ರಕ್ಕೆ ಒಂದು ಗಂಟೆ ಮಾತ್ರ ತೆರೆಯುತ್ತದೆ. ನಾನು ಹೋಗುವಷ್ಟರಲ್ಲಿ ಆರುಮುಗಂ ಸಾರ್ ನನ್ನ ಮೇಜಿನ ಪಕ್ಕ ತಮ್ಮ ಕುರ್ಚಿ ತಂದಿಟ್ಟುಕೊಂಡು ಕಾದಿದ್ದರು. ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು. "ಒಳ್ಳೆ ದಿನ. ಶುರು ಮಾಡಿಬಿಡೋಣ ಅಂತ," ಎಂದು ತಟ್ಟೆಯನ್ನು ನನ್ನ ಮುಂದೆ ಚಾಚಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ತೆಗೆದುಕೊಂಡೆ.

ಒಂದು ಸಣ್ಣ ಚೌಕದ ಸ್ಕೆಚ್ ತೆರೆದುಕೊಟ್ಟು ಮೌಸನ್ನು ಅವರ ಕಡೆ ಸರಿಸಿದೆ. ಅವರು ಅದನ್ನು ಹಿಡಿದರು. ಒಂದು ಗೆರೆಯನ್ನು ಮುಟ್ಟಿದ್ದೇ ತಡ, ಅದು ಅಳಿಸಿಹೋಯಿತು. ಅವರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ನಾನು ಕೀಲಿಮಣೆಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ತೋರಿಸಿದೆ. ಹೋದ ಗೆರೆ ಇದ್ದ ಜಾಗಕ್ಕೇ ಬಂದು ಕೂತಿತು. ಹಾಳೆಯಲ್ಲಿ ತೂತಿಲ್ಲ, ಕೆರೆದ ಕಲೆಯಿಲ್ಲ.

ಅವರು ಪರದೆಯನ್ನೇ ನೋಡುತ್ತ ಬಹಳ ಮೆಲ್ಲಗೆ ಕೇಳಿದರು: "ಎಷ್ಟು ಸಲ ತಪ್ಪು ಮಾಡಬಹುದು, ಅಮ್ಮಿಣಿ?"

"ನಾನು ಎಣಿಸೋದು ಬಿಟ್ಟುಬಿಟ್ಟೆ ಸಾರ್," ಎಂದೆ.

ಅವರು ಆ ಗೆರೆಯನ್ನು ಬೇಕೆಂದೇ ಅಳಿಸಿದರು, ವಾಪಸ್ ತಂದರು. ಮತ್ತೆ ಅಳಿಸಿದರು, ಮತ್ತೆ ತಂದರು. ಐವತ್ತಾರು ವರ್ಷದ ನನ್ನ ಚೀಫ್ ಗಟ್ಟಿಯಾಗಿ ನಗುತ್ತ, ಬಾಗಿಲು ಹಾಕಲು ವಾಚ್‌ಮನ್ ಬರುವವರೆಗೂ ಅದನ್ನೇ ಮಾಡುತ್ತ ಕೂತಿದ್ದರು.